ತತ್ತಿಗೆ ಬುತ್ತಿ ಕಟ್ಟುವವರು ಯಾರು?

ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ ಕಾಕಾ ಒಂದು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಆಕಳು ಸಾಕಿದ್ದಾರೆ. ಹೆಸರು ಗೌರಿ. ದಿನಕ್ಕೆ 18 ಲೀಟರ್ ಹಾಲು. ಡೇರಿಯಲ್ಲಿ ಕ್ಯಾನು ಇಳಿಸುವಾಗ ಕಾಕಾನ ನಡಿಗೆಯಲ್ಲೇ ಒಂದು ಗತ್ತಿತ್ತು. ಈ ಸಲ ಅದು ಸ್ವಲ್ಪ ಇಳಿದಿದೆ. ಗೌರಿ ಈದು ನಾಲ್ಕು ತಿಂಗಳಾಯಿತು. ಮೂರು ಸಲ ಬೆದೆಗೆ ಬಂದಳು, ಮೂರು ಸಲವೂ ಇಂಜೆಕ್ಷನ್ ಮಾಡಿಸಿದರು. ಗಬ್ಬ ನಿಲ್ಲಲಿಲ್ಲ. ಲೆಕ್ಕ ಹಾಕಿಟ್ಟಂತೆ 21 ದಿನಕ್ಕೆ ಮತ್ತೆ ಬೆದೆ. (ಕೃತಕ ಗರ್ಭಧಾರಣೆಗೆ ಹಳ್ಳಿಯಲ್ಲಿ ಇಂಜೆಕ್ಷನ್ ಅಂತಲೇ ಹೆಸರು. ಅದರಲ್ಲಿ ಚುಚ್ಚುವ ಸೂಜಿ ಇರುವುದಿಲ್ಲ, ಉದ್ದನೆಯ ನಳಿಗೆ ಅಷ್ಟೇ.)

ನಾನು ಊರಿಗೆ ಹೋದ ದಿನವೇ ದನದ ಡಾಕ್ಟ್ರು ಬಂದಿದ್ದರು. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿಕೊಂಡು, ಸೋಪಿನ ನೀರು ಸವರಿ, ಒಳಗೆ ಕೈಯಾಡಿಸುತ್ತ ಎಲ್ಲೋ ದೂರ ನೋಡುತ್ತ ನಿಂತರು. ಈ ಪರೀಕ್ಷೆಯಲ್ಲಿ ಕಣ್ಣಿಗೆ ಕೆಲಸವಿಲ್ಲ, ಬೆರಳೇ ಎಲ್ಲ.

"ಹೋರಿ ಬೀಜಾನ ಚಲೋ ಇಲ್ಲೇನ್ರಿ ಡಾಕ್ಟ್ರ?" ಕಾಕಾ ಕೇಳಿದರು.

"ಬೀಜ ಚಲೋ ಐತ್ರಿ. ಗರ್ಭಚೀಲಾನೂ ಚೊಕ್ಕ ಐತಿ. ನನಗ ಅನಸೂದು, ತತ್ತಿಗೆ ಕಸು ಇಲ್ಲ."

"ಅಲ್ರಿ, ನಮ್ಮ ಗೌರಿ ಏನ್ ಕೋಳೀನ್ರಿ, ತತ್ತಿ ಇಡಾಕ?"

ಎಲ್ಲರೂ ನಕ್ಕೆವು. ಆದರೆ ಡಾಕ್ಟ್ರು ಹೇಳಿದ್ದು ಸುಮ್ನೆ ಮಾತಲ್ಲ. ಬೆರಳಿಗೆ ಅಂಡಾಶಯ ಸಿಗುತ್ತದೆ, ಅದರ ಮೇಲಿನ ಗುಳ್ಳೆಯೂ ಸಿಗುತ್ತದೆ. ಒಳಗಿನ ತತ್ತಿ ಸಿಗುವುದಿಲ್ಲ. ಅದಕ್ಕೆ ಕಸು ಇದೆಯೋ ಇಲ್ಲವೋ ಅನ್ನುವುದು ಅಂದಾಜು ಮಾತ್ರ. ಆದರೆ ಹಾಲು ಜಾಸ್ತಿ ಕೊಡುವ ಆಕಳಿನ ವಿಷಯದಲ್ಲಿ ಅದು ಒಳ್ಳೆಯ ಅಂದಾಜು. ಯಾಕೆ ಅನ್ನುವುದನ್ನು ಕಾಕಾನಿಗೆ ವಿವರಿಸಲು ಹೋಗಿ ನನಗೆ ಒಂದಿಡೀ ಸಂಜೆ ಬೇಕಾಯಿತು. ಇಲ್ಲಿರುವುದು ಆ ಸಂಜೆಯ ಮಾತೇ, ಸ್ವಲ್ಪ ಒಪ್ಪ ಮಾಡಿದ್ದು.

ಕೋಳಿ ತತ್ತಿಯನ್ನು ಹೊರಗೆ ಇಡುತ್ತದೆ, ಆಕಳು ಒಳಗೇ ಇಟ್ಟುಕೊಳ್ಳುತ್ತದೆ. ಮನುಷ್ಯರದೂ ಅಷ್ಟೇ, ಎಮ್ಮೆ, ಕುರಿ, ಇಲಿ, ಹಂದಿಯದೂ ಅಷ್ಟೇ. ಪುಸ್ತಕದಲ್ಲಿ ಇದಕ್ಕೆ ಅಂಡಾಣು ಅನ್ನುತ್ತಾರೆ. ಆಕಳ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ ಇರಬಹುದು. ಕಣ್ಣು ಚುರುಕಿದ್ದವರಿಗೆ ಬೆಳಕಿನಲ್ಲಿ ಧೂಳಿನ ಕಣದಂತೆ ಕಂಡೀತು. ನಮಗಿದು ಸಣ್ಣದು. ಆದರೆ ದೇಹದ ಉಳಿದ ಜೀವಕೋಶಗಳ ಮುಂದೆ ಇದು ಆನೆ.

ಈ ಆನೆಯ ವಿಚಿತ್ರವೆಂದರೆ, ಅದು ಹುಟ್ಟಿದ್ದು ಆಕಳು ಹುಟ್ಟುವ ಮೊದಲೇ. ಹೆಣ್ಣು ಕರು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಜೀವಮಾನದ ಅಂಡಾಣುಗಳೆಲ್ಲ ತಯಾರಾಗಿ, ಅರ್ಧ ಕೆಲಸಕ್ಕೆ ನಿಂತಿರುತ್ತವೆ. ಹೆಣ್ಣುಮಕ್ಕಳಲ್ಲೂ ಹಾಗೆಯೇ. ಗರ್ಭದಲ್ಲಿ ಐದನೇ ತಿಂಗಳ ಹೊತ್ತಿಗೆ 60–70 ಲಕ್ಷ, ಹುಟ್ಟುವಾಗ 10–20 ಲಕ್ಷ, ಮೈನೆರೆಯುವ ಹೊತ್ತಿಗೆ 3–4 ಲಕ್ಷ. ಜೀವನದಲ್ಲಿ ಹೊರಬಂದು ಅವಕಾಶ ಪಡೆಯುವುದು ಸುಮಾರು ನಾನೂರು. ಉಳಿದವು ಸುಮ್ಮನೆ ಕರಗಿಹೋಗುತ್ತವೆ. ಇಷ್ಟು ಯಾಕೆ ಮಾಡಿಟ್ಟು ಇಷ್ಟು ಯಾಕೆ ಕಳೆಯುತ್ತದೆ ಅಂತ ಪ್ರಕೃತಿಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಬಿತ್ತಿದ ಕಾಳೆಲ್ಲ ತೆನೆಯಾಗುತ್ತದೆಯೇ ಅಂತ ಕಾಕಾ ನನ್ನನ್ನೇ ತಿರುಗಿ ಕೇಳಿದರು.

ಬೂದಿ ಮುಚ್ಚಿದ ಕೆಂಡ

ಹಾಗೆ ಅರ್ಧಕ್ಕೆ ನಿಂತ ಅಂಡಾಣು ವರ್ಷಗಟ್ಟಲೆ ಬದುಕಿರಬೇಕು. ಹೆಂಗಸರಲ್ಲಿ ಕೆಲವು ನಲವತ್ತು ವರ್ಷ ಕಾಯುತ್ತವೆ. ಬದುಕಿರಬೇಕೆಂದರೆ ಶಕ್ತಿ ಬೇಕು. ಶಕ್ತಿ ಬೇಕೆಂದರೆ ಏನನ್ನಾದರೂ ಉರಿಸಬೇಕು. ಉರಿಸಿದರೆ ಹೊಗೆ. ಜೀವಕೋಶದ ಒಳಗೂ ಹೊಗೆ ಇದೆ. ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಒಲೆಗಳು ಆಹಾರವನ್ನು ಆಮ್ಲಜನಕದ ಜೊತೆ ಉರಿಸಿ ಎಟಿಪಿ ಎಂಬ ಶಕ್ತಿಯ ಚಿಲ್ಲರೆ ಹಣ ಮಾಡಿಕೊಡುತ್ತವೆ. ಆ ಉರಿಯಲ್ಲಿ ಸ್ವಲ್ಪ ಆಮ್ಲಜನಕ ಅರ್ಧಂಬರ್ಧ ಉರಿದು ಪುಂಡ ಅಣುಗಳಾಗಿ ಹಾರುತ್ತದೆ. ಅವು ವರ್ಣತಂತು, ಪ್ರೋಟೀನು, ಪೊರೆ ಎಲ್ಲವನ್ನೂ ಕೆರೆಯುತ್ತವೆ. ಒಂದು ವಾರ ಬದುಕುವ ಕೋಶಕ್ಕೆ ಇದು ದೊಡ್ಡ ಮಾತಲ್ಲ. ನಲವತ್ತು ವರ್ಷ ಕಾಯುವ ಕೋಶಕ್ಕೆ ದೊಡ್ಡ ಮಾತು.

ನಮ್ಮ ಅಮ್ಮಮ್ಮ ರಾತ್ರಿ ಒಲೆ ಆರಿಸುತ್ತಿರಲಿಲ್ಲ. ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ, ಹತ್ತಿಕಟ್ಟಿಗೆ ಇಟ್ಟು, ಎರಡು ಸಲ ಊದಿದರೆ ಸಾಕು, ಉರಿ ಏಳುತ್ತಿತ್ತು. ಕಾಯುವ ಅಂಡಾಣು ಮಾಡುವುದು ಇದನ್ನೇ. ಅದರ ಮೈಟೊಕಾಂಡ್ರಿಯಾಗಳು ದುಂಡಗೆ ಇರುತ್ತವೆ, ಒಳಗಿನ ಮಡಿಕೆಗಳು ಕಡಿಮೆ. ಮಡಿಕೆ ಕಡಿಮೆ ಅಂದರೆ ಉರಿಯುವ ಜಾಗ ಕಡಿಮೆ. 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನುಷ್ಯರ ಮತ್ತು ಕಪ್ಪೆಯ ಎಳೆಯ ಅಂಡಾಣುಗಳು ಉರಿಸುವ ಸಾಲಿನ ಮೊದಲ ಯಂತ್ರವನ್ನೇ, ಅಂದರೆ ಕಾಂಪ್ಲೆಕ್ಸ್ ಒಂದು ಎಂಬ ಪ್ರೋಟೀನ್ ಗುಂಪನ್ನೇ, ಕಳಚಿಟ್ಟುಕೊಂಡು ಬದುಕುತ್ತವೆ ಎಂದು ಅದು ತೋರಿಸಿತು. ಹೊಗೆ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಒಲೆಯ ಬಾಯನ್ನೇ ತೆಗೆದಿಟ್ಟು ಕೆಂಡ ಮಾತ್ರ ಉಳಿಸಿಕೊಂಡಂತೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ಇದೇ.

ಇನ್ನು ಆ ಕೆಂಡ ಎದ್ದು ಉರಿಯುವ ದಿನ. ಪ್ರತಿ ಬೆದೆಯ ಹೊತ್ತಿಗೆ ಒಂದು ಗುಳ್ಳೆ ಉಳಿದವನ್ನೆಲ್ಲ ಹಿಂದೆ ಹಾಕಿ ಬೆಳೆದು ನಿಂತಿರುತ್ತದೆ. ಫಾಲಿಕಲ್ ಅನ್ನುವುದು ಇದನ್ನೇ. ಮಿದುಳಿನ ಬುಡದಿಂದ ಎಲ್.ಎಚ್. ಎಂಬ ಹಾರ್ಮೋನು ಒಮ್ಮೆಲೇ ಉಕ್ಕಿ ಬರುತ್ತದೆ. ಅಲ್ಲಿಯವರೆಗೆ ಅಂಡಾಣುವನ್ನು ತಡೆದು ಹಿಡಿದದ್ದು ಸುತ್ತಲಿನ ಗುಳ್ಳೆಯೇ. 1935ರಲ್ಲಿ ಪಿಂಕಸ್ ಮತ್ತು ಎನ್ಜ್‌ಮನ್ ಎಂಬಿಬ್ಬರು ಮೊಲದ ಅಂಡಾಣುವನ್ನು ಗುಳ್ಳೆಯಿಂದ ಹೊರತೆಗೆದು ಇಟ್ಟರು. ಯಾವ ಹಾರ್ಮೋನೂ ಇಲ್ಲದೆ ಅದು ತಾನಾಗಿ ಬಲಿಯತೊಡಗಿತು. ಮನೆಯಲ್ಲಿ ಹಿರಿಯರಿದ್ದಾಗ ಸುಮ್ಮನಿದ್ದ ಹುಡುಗ ಜಾತ್ರೆಯಲ್ಲಿ ಕೈ ಬಿಟ್ಟ ಕೂಡಲೇ ಓಡಿದ ಹಾಗೆ.

ಬಲಿಯುವುದು ಅಂದರೆ ಏನು? ಆಕಳಲ್ಲಿ ಇದು ಸುಮಾರು ಒಂದು ದಿನದ ಕೆಲಸ, ಹೆಂಗಸರಲ್ಲಿ ಒಂದೂವರೆ ದಿನದ್ದು. ಅಂಡಾಣುವಿನ ನಡುವಿನ ಕೋಶಕೇಂದ್ರದ ಗೋಡೆ ಕರಗುತ್ತದೆ. ಒಳಗಿನ ವರ್ಣತಂತುಗಳನ್ನು ಹಿಡಿದೆಳೆಯಲು ದಾರಗಳ ಒಂದು ಕದಿರು ಕಟ್ಟಿಕೊಳ್ಳುತ್ತದೆ. ಕದಿರು ಅಂಚಿಗೆ ಸರಿಯುತ್ತದೆ. ಜೋಡಿಗಳು ಬಿಡಿಸಿಕೊಂಡು, ಅರ್ಧ ಒಳಗೆ ಉಳಿದು, ಅರ್ಧ ಒಂದು ಪುಟ್ಟ ಗುಳಿಗೆಯಾಗಿ ಹೊರಗೆ ಬೀಳುತ್ತವೆ. ಆಮೇಲೆ ಮತ್ತೆ ನಿಲುಗಡೆ. ಈ ಸಲ ಕಾಯುವುದು ವೀರ್ಯಾಣುವಿಗಾಗಿ. ಕದಿರು ಕಟ್ಟಲು, ಸರಿಸಲು, ಎಳೆಯಲು, ಗುಳಿಗೆಯನ್ನು ಕತ್ತರಿಸಿ ಹೊರಹಾಕಲು, ಎಲ್ಲಕ್ಕೂ ಎಟಿಪಿ ಬೇಕು. ಕದಿರಿನ ಸುತ್ತ ಮೈಟೊಕಾಂಡ್ರಿಯಾಗಳು ಗುಂಪುಗೂಡಿ ನಿಲ್ಲುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಶಕ್ತಿ ಕೊರತೆಯಾದರೆ ಕದಿರು ಸೊಟ್ಟಗಾಗುತ್ತದೆ. ಕದಿರು ಸೊಟ್ಟಗಾದರೆ ವರ್ಣತಂತು ಒಂದು ಹೆಚ್ಚೋ ಒಂದು ಕಡಿಮೆಯೋ ಆಗಬಹುದು. ಅಂಥ ಅಂಡಾಣುವಿಗೆ ವೀರ್ಯಾಣು ಸೇರಿದರೂ ಹೆಚ್ಚಿನವು ಮುಂದೆ ಹೋಗುವುದಿಲ್ಲ.

ಜೋಳ ತಿನ್ನಲಾಗದವನಿಗೆ ರೊಟ್ಟಿ

ಒಬ್ಬ ಗೆಳೆಯನ ಕೃಪೆಯಿಂದ ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬಿನಲ್ಲಿ ಎಮ್ಮೆಯ ಅಂಡಾಣು ನೋಡಿದ್ದೆ. ಕಸಾಯಿಖಾನೆಯಿಂದ ಥರ್ಮಾಸಿನಲ್ಲಿ ಬೆಚ್ಚಗಿನ ಉಪ್ಪುನೀರಿನೊಳಗೆ ಅಂಡಾಶಯ ತರುತ್ತಾರೆ. ಸಿರಿಂಜಿನಲ್ಲಿ ಗುಳ್ಳೆಯ ನೀರು ಎಳೆದು ಗಾಜಿನ ತಟ್ಟೆಗೆ ಬಿಡುತ್ತಾರೆ. ನಾನು ಕಣ್ಣಿಟ್ಟಾಗ ಬರೀ ಕಸ ಕಂಡಿತು. ಗೆಳೆಯ ತಟ್ಟೆಯನ್ನು ಒಂದಿಷ್ಟು ಸರಿಸಿದ. ಎಳ್ಳುಂಡೆ! ನಡುವೆ ಕಪ್ಪಗಿನ ದುಂಡನೆಯ ಗೋಲಿ, ಅದಕ್ಕೆ ಸುತ್ತಲೂ ಎಳ್ಳು ಮೆತ್ತಿದ ಹಾಗೆ ಪುಟ್ಟ ಪುಟ್ಟ ಕೋಶಗಳ ಹಲವು ಪದರ. ಗೋಲಿಯೇ ಅಂಡಾಣು. ಎಳ್ಳಿನಂಥವು ಕ್ಯುಮ್ಯುಲಸ್ ಕೋಶಗಳು.

"ಎಳ್ಳು ಉದುರಿದ್ದನ್ನ ನಾವು ಆರಿಸೋದಿಲ್ಲ" ಅಂದ ಗೆಳೆಯ. ಬೋಳು ಅಂಡಾಣು ಸರಿಯಾಗಿ ಬಲಿಯುವುದಿಲ್ಲ, ಬಲಿತರೂ ಭ್ರೂಣವಾಗುವುದು ಕಡಿಮೆ. ಯಾಕೆ?

ಇಲ್ಲಿದೆ ಈ ಲೇಖನದ ಹೃದಯ. ನಮ್ಮ ದೇಹದ ಹೆಚ್ಚಿನ ಕೋಶಗಳು ಗ್ಲೂಕೋಸನ್ನು ನೇರವಾಗಿ ತಿಂದು ಒಡೆಯುತ್ತವೆ. ಅಂಡಾಣುವಿಗೆ ಅದು ಬಾರದು. ಗ್ಲೂಕೋಸನ್ನು ಒಡೆಯುವ ಕಿಣ್ವಗಳಲ್ಲಿ ಮುಖ್ಯವಾದದ್ದು ಅದರಲ್ಲಿ ತೀರಾ ಮಂದ. ಜೋಳದ ಚೀಲದ ಮೇಲೆ ಕೂತವನಿಗೆ ಹಲ್ಲಿಲ್ಲದ ಸ್ಥಿತಿ. ಹಾಗಾದರೆ ಅದು ತಿನ್ನುವುದೇನು? ಪೈರುವೇಟ್. ಗ್ಲೂಕೋಸಿನ ಒಂದು ಅಣುವನ್ನು ಒಡೆದರೆ ಎರಡು ಪೈರುವೇಟ್ ಸಿಗುತ್ತದೆ. ಒಡೆಯುವವರು ಸುತ್ತಲಿನ ಎಳ್ಳುಗಳು. ಅವು ಜೋಳ ಬೀಸಿ, ಹಿಟ್ಟು ನಾದಿ, ರೊಟ್ಟಿ ಬಡಿದು ಒಳಗೆ ಕೊಡುತ್ತವೆ. ಅಂಡಾಣು ರೊಟ್ಟಿಯನ್ನು ತನ್ನ ಒಲೆಯಲ್ಲಿ ಉರಿಸಿಕೊಳ್ಳುತ್ತದೆ.

1967ರಲ್ಲಿ ಬಿಗ್ಗರ್ಸ್, ವಿಟಿಂಗ್‌ಹ್ಯಾಮ್, ಡೊನಾಹ್ಯೂ ಎಂಬ ಮೂವರು ಇದನ್ನು ಇಲಿಯ ಅಂಡಾಣುವಿನಲ್ಲಿ ತೋರಿಸಿಕೊಟ್ಟರು. ಬೋಳು ಅಂಡಾಣುವಿಗೆ ಬರೀ ಗ್ಲೂಕೋಸ್ ಕೊಟ್ಟರೆ ಅದು ಬಲಿಯಲಿಲ್ಲ. ಪೈರುವೇಟ್ ಕೊಟ್ಟರೆ ಬಲಿಯಿತು. ಎಳ್ಳು ಮೆತ್ತಿದ ಅಂಡಾಣುವಿಗೆ ಗ್ಲೂಕೋಸ್ ಕೊಟ್ಟರೂ ಬಲಿಯಿತು. ಇಷ್ಟು ಸರಳ ಪ್ರಯೋಗ, ಆದರೆ ಇವತ್ತಿಗೂ ಐ.ವಿ.ಎಫ್. (ದೇಹದ ಹೊರಗೆ ಗಾಜಿನ ತಟ್ಟೆಯಲ್ಲಿ ಭ್ರೂಣ ಮಾಡುವ) ಲ್ಯಾಬುಗಳಲ್ಲಿ ಅಂಡಾಣು ಮತ್ತು ಭ್ರೂಣಗಳನ್ನಿಡುವ ದ್ರವದಲ್ಲಿ ಪೈರುವೇಟ್ ಇರುತ್ತದೆ. ಹುಬ್ಬಳ್ಳಿಯಲ್ಲಿ ರಸ್ತೆಗೊಂದರಂತೆ ಕಾಣುವ ಬಂಜೆತನ ಚಿಕಿತ್ಸೆಯ ಬೋರ್ಡುಗಳ ಹಿಂದೆ, ಆ ಬೆಚ್ಚಗಿನ ಇನ್ಕ್ಯುಬೇಟರಿನೊಳಗೆ, ಈ ರೊಟ್ಟಿ ಇದೆ.

ರೊಟ್ಟಿ ಒಳಗೆ ಹೋಗುವ ದಾರಿಯೂ ಚೆಂದ. ಅಂಡಾಣುವಿನ ಸುತ್ತ ಒಂದು ದಪ್ಪ ಪಾರದರ್ಶಕ ಕವಚವಿದೆ. ಎಳ್ಳಿನ ಕೋಶಗಳು ಆ ಕವಚದೊಳಗೆ ಕೂದಲೆಳೆಗಿಂತ ತೆಳುವಾದ ಕೈಗಳನ್ನು ತೂರಿಸಿ ಅಂಡಾಣುವನ್ನು ಮುಟ್ಟುತ್ತವೆ. ಮುಟ್ಟಿದಲ್ಲಿ ಸಣ್ಣ ಕಿಂಡಿ. ಸಣ್ಣ ಅಣುಗಳು, ಕೆಲವು ಅಮೈನೊ ಆಮ್ಲಗಳು ಅಲ್ಲಿಂದ ದಾಟುತ್ತವೆ. ಅಂಡಾಣುವನ್ನು "ಇನ್ನೂ ಬಲಿಯಬೇಡ, ತಡಿ" ಎಂದು ಹಿಡಿದಿಟ್ಟ ಸಂದೇಶವೂ ಇದೇ ಕಿಂಡಿಯಿಂದ ಹೋಗುತ್ತಿತ್ತು. ಎಲ್.ಎಚ್. ಉಕ್ಕಿದಾಗ ಆ ಸಂದೇಶ ನಿಲ್ಲುತ್ತದೆ, ಕಿಂಡಿಗಳೂ ಒಂದೊಂದಾಗಿ ಮುಚ್ಚುತ್ತವೆ.

ಅಂಡಾಣು ಸುಮ್ಮನೆ ಬಾಯಿ ತೆರೆದು ಕೂತಿದೆ ಅಂದುಕೊಂಡರೆ ತಪ್ಪು. ಅದು ಆರ್ಡರ್ ಮಾಡುತ್ತದೆ. ಜಿಡಿಎಫ್-9, ಬಿಎಂಪಿ-15 ಎಂಬ ಎರಡು ಪ್ರೋಟೀನುಗಳನ್ನು ಹೊರಗೆ ಬಿಟ್ಟು ಎಳ್ಳುಗಳಿಗೆ "ಗ್ಲೂಕೋಸ್ ಒಡೆಯಿರಿ" ಎಂದು ಹೇಳಿಸುತ್ತದೆ. ಇಲಿಯ ಎಳ್ಳುಂಡೆಯಿಂದ ಒಳಗಿನ ಅಂಡಾಣುವನ್ನು ಮಾತ್ರ ತೆಗೆದುಹಾಕಿದರೆ ಸುತ್ತಲಿನ ಕೋಶಗಳ ಅಡುಗೆ ಕುಸಿಯುತ್ತದೆ. ಅಂಡಾಣುವನ್ನು ಮತ್ತೆ ಜೊತೆಗಿಟ್ಟರೆ ಏರುತ್ತದೆ. ಊಟ ಮಾಡುವವನೇ ಅಡುಗೆಮನೆ ನಡೆಸುವ ಖಾನಾವಳಿ ಇದು.

ಬಂದ ಜೋಳವೆಲ್ಲ ರೊಟ್ಟಿಯಾಗುವುದಿಲ್ಲ. ಎಲ್.ಎಚ್. ಬಂದ ಮೇಲೆ ಎಳ್ಳುಗಳು ಒಂದು ಭಾಗ ಗ್ಲೂಕೋಸನ್ನು ಬಳಸಿ ಹಯಾಲುರಾನಿಕ್ ಆಮ್ಲ ಎಂಬ ಅಂಟು ತಯಾರಿಸುತ್ತವೆ. ಬಿಗಿಯಾಗಿದ್ದ ಎಳ್ಳುಂಡೆ ಉಬ್ಬುತ್ತದೆ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಜಾರುವ ಲೋಳೆ. ಬಲಿತ ಅಂಡಾಣು ಅಂಡಾಶಯದಿಂದ ಹೊರಬರುವುದು ಹೆಚ್ಚುಕಡಿಮೆ ಈ ರೂಪದಲ್ಲಿ. ಗರ್ಭಚೀಲದ ಕಡೆ ಸಾಗಿಸುವ ಅಂಡನಾಳದ ಬಾಯಿ ಅದನ್ನು ಹಿಡಿದುಕೊಳ್ಳಲು ಈ ಲೋಳೆ ಬೇಕು.

ಇನ್ನೊಂದು ಭಾಗ ಬೇರೆ ದಾರಿಯಲ್ಲಿ ಹೋಗಿ ಹೊಗೆ ಆರಿಸುವ ಸಾಮಗ್ರಿಯಾಗುತ್ತದೆ. ಆ ದಾರಿಗೆ ಪೆಂಟೋಸ್ ಫಾಸ್ಫೇಟ್ ಮಾರ್ಗ ಎಂದು ಹೆಸರು. ಗ್ಲುಟಥಯೋನ್ ಎಂಬ ಕಾವಲುಗಾರ ಅಣುವನ್ನು ಸುಸ್ಥಿತಿಯಲ್ಲಿಡಲು ಅದರ ಸಹಾಯ ಬೇಕು. ಒಳಹೊಕ್ಕ ವೀರ್ಯಾಣುವಿನ ತಲೆಯಲ್ಲಿ ಬಿಗಿಯಾಗಿ ಸುತ್ತಿಟ್ಟ ವರ್ಣತಂತುಗಳನ್ನು ಬಿಚ್ಚಲು ಸಹ ಇದೇ ಗ್ಲುಟಥಯೋನ್ ಬೇಕು.

ಈ ದಾರಿಯಿಂದಲೇ ಲ್ಯಾಬಿನವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಅಂಡಾಣುಗಳನ್ನು ಒಂದೂವರೆ ತಾಸು ಇಡುತ್ತಾರೆ. ಇನ್ನೂ ಬೆಳೆಯುತ್ತಿರುವ ಅಂಡಾಣುವಿನಲ್ಲಿ ಆ ಮಾರ್ಗದ ಕಿಣ್ವ ಜೋರಾಗಿ ಓಡುತ್ತಿರುತ್ತದೆ, ಬಣ್ಣ ಕಳೆಯುತ್ತದೆ. ಬೆಳವಣಿಗೆ ಮುಗಿಸಿದ ಅಂಡಾಣುವಿನಲ್ಲಿ ಕಿಣ್ವ ತಣ್ಣಗಾಗಿರುತ್ತದೆ, ನೀಲಿ ಹಾಗೇ ಉಳಿಯುತ್ತದೆ. ಆರಿಸಬೇಕಾದದ್ದು ನೀಲಿಯನ್ನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇರುವ ಅಂಡಾಣುಗಳಲ್ಲಿ ಮಾಗಿದ್ದು ಯಾವುದು, ಕಾಯಿ ಯಾವುದು ಎಂದು ಬಣ್ಣ ಹೇಳುತ್ತದೆ.

ಬುತ್ತಿ

ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿಕೊಡುತ್ತಾರೆ. ಅಲ್ಲಿ ಒಲೆ ಇಲ್ಲ. ಕಟ್ಟಿದ್ದಷ್ಟೇ ಊಟ. ಗುಳ್ಳೆ ಒಡೆದು ಹೊರಟ ಅಂಡಾಣುವಿನ ಕಥೆಯೂ ಅದೇ. ಅಡುಗೆಯವರ ಕಿಂಡಿಗಳು ಮುಚ್ಚಿವೆ. ವೀರ್ಯಾಣು ತರುವುದು ವರ್ಣತಂತುಗಳ ಗಂಟು, ಊಟವನ್ನಲ್ಲ. ಅದರ ಮೈಟೊಕಾಂಡ್ರಿಯಾಗಳು ನೂರರೊಳಗೆ. ಅವನ್ನೂ ಅಂಡಾಣು ಒಳಗೆ ಬಂದ ಮೇಲೆ ಹುಡುಕಿ ನಾಶ ಮಾಡುತ್ತದೆ. ನಮ್ಮೆಲ್ಲರ ಮೈಟೊಕಾಂಡ್ರಿಯಾ ತಾಯಿಯ ಕಡೆಯಿಂದಲೇ ಬಂದದ್ದು ಅನ್ನುವುದು ಇದರಿಂದ.

ಅಂಡಾಣುವಿನಲ್ಲಿ ಎಷ್ಟಿರುತ್ತವೆ? ಹೆಂಗಸರ ಬಲಿತ ಅಂಡಾಣುವಿನಲ್ಲಿ ಒಂದು ಲಕ್ಷ, ಅದಕ್ಕೂ ಜಾಸ್ತಿ. ಸದಾ ದುಡಿಯುವ ಪಿತ್ತಜನಕಾಂಗದ ಕೋಶದಲ್ಲಿ ಒಂದೆರಡು ಸಾವಿರ ಮಾತ್ರ. ಇಷ್ಟೊಂದು ಯಾಕೆ ಅಂದರೆ, ಭ್ರೂಣ ಮೊದಲ ಸುಮಾರು ಒಂದು ವಾರ ಹೊಸ ಮೈಟೊಕಾಂಡ್ರಿಯಾ ಮಾಡಿಕೊಳ್ಳುವುದಿಲ್ಲ. ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಾ ಹೋದಂತೆ ಇದ್ದದ್ದನ್ನೇ ಹಂಚಿಕೊಳ್ಳುತ್ತವೆ. ಎಂಟು ಮಂದಿ ಮಕ್ಕಳಿಗೆ ಹೊಲ ಹಂಚಿದ ಹಾಗೆ. ಮೊದಲೇ ಎಕರೆ ಕಡಿಮೆ ಇದ್ದರೆ ಕೊನೆಯವನಿಗೆ ಬದು ಮಾತ್ರ ಸಿಗುತ್ತದೆ.

ಬುತ್ತಿಯಲ್ಲಿ ಇನ್ನೊಂದು ಪದಾರ್ಥ ಕೊಬ್ಬು. ಲ್ಯಾಬಿನಲ್ಲಿ ನಾನು ನೋಡಿದ ಗೋಲಿ ಕಪ್ಪಗಿತ್ತಲ್ಲ, ಅದಕ್ಕೆ ಕಾರಣ ಒಳಗೆ ತುಂಬಿದ ಕೊಬ್ಬಿನ ಹನಿಗಳು. ಇಲಿಯ ಮತ್ತು ಹೆಂಗಸರ ಅಂಡಾಣು ತಿಳಿಯಾಗಿರುತ್ತದೆ. ಆಕಳು, ಎಮ್ಮೆಯದು ಕಪ್ಪು. ಹಂದಿಯದು ಎಲ್ಲಕ್ಕಿಂತ ಕಪ್ಪು. ಕೊಬ್ಬು ಜಾಸ್ತಿಯಿದ್ದಷ್ಟೂ ಹೆಪ್ಪುಗಟ್ಟಿಸಿ ಕಾಪಿಡುವುದು ಕಷ್ಟ. ಈ ಕೊಬ್ಬನ್ನು ಮೈಟೊಕಾಂಡ್ರಿಯಾದೊಳಗೆ ಸಾಗಿಸಿ ಉರಿಸಿದರೆ ಒಳ್ಳೆಯ ಶಕ್ತಿ. ಸಾಗಿಸುವ ಗಾಡಿ ಕಾರ್ನಿಟಿನ್. ಗಾಡಿಯನ್ನು ತಡೆದರೆ ಇಲಿಯ ಅಂಡಾಣುವಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ತಿಳಿಯಾಗಿ ಕಂಡರೂ ಅದೂ ಕೊಬ್ಬಿನ ಮೇಲೆ ಸ್ವಲ್ಪ ಅವಲಂಬಿಸಿದೆ ಅಂತಾಯಿತು.

ಹಾಗಾದರೆ ಕೊಬ್ಬು ಹೆಚ್ಚಾದಷ್ಟೂ ಒಳ್ಳೆಯದಾ? ಇಲ್ಲಿಗೆ ಬಂದಾಗಲೇ ಕಾಕಾ ಎದ್ದು ಕೂತರು.

ಗೌರಿಯ ಲೆಕ್ಕ

ಒಂದು ಲೀಟರ್ ಹಾಲು ಮಾಡಲು ಕೆಚ್ಚಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ಹಾಲಿನ ಸಕ್ಕರೆ ಆಗುವುದು ಅದರಿಂದಲೇ. 18 ಲೀಟರಿಗೆ ಒಂದೂಕಾಲು ಕಿಲೋ. ದಿನಾಲೂ. ಇದು ಗೌರಿಗೆ ಎಲ್ಲಿಂದ ಬರಬೇಕು? ಕಣಕಿ, ಹಸಿ ಮೇವು, ಶೇಂಗಾ ಹಿಂಡಿಯಿಂದ. ಆದರೆ ಆಕಳು ತಿಂದದ್ದು ಮೊದಲು ಹೊಟ್ಟೆಯ ದೊಡ್ಡ ಚೀಲದ ಸೂಕ್ಷ್ಮಜೀವಿಗಳ ಪಾಲು. ಅವು ಮೇವನ್ನು ಹುಳಿಸಿ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ಅದರಲ್ಲೊಂದನ್ನು, ಪ್ರೊಪಿಯೊನೇಟನ್ನು, ಪಿತ್ತಜನಕಾಂಗ ಹಿಡಿದು ಗ್ಲೂಕೋಸ್ ಮಾಡಬೇಕು. ಈದ ಆಕಳಿಗೆ ಬೆಲ್ಲ ತಿನ್ನಿಸುತ್ತೇವಲ್ಲ, ಆ ಬೆಲ್ಲವೂ ಬಹುಪಾಲು ಇದೇ ಸುತ್ತು ಹಾಕಿ ಬರಬೇಕು. ಬೆಲ್ಲದಿಂದ ನೇರವಾಗಿ ರಕ್ತಕ್ಕೆ ಸಕ್ಕರೆ ಏರುವುದು ನಮಗೆ, ದನಕ್ಕಲ್ಲ.

ಈದ ಮೇಲೆ ಹಾಲು ಬೇಗ ಏರುತ್ತದೆ. ಆರರಿಂದ ಎಂಟು ವಾರಕ್ಕೆ ತುದಿ ಮುಟ್ಟುತ್ತದೆ. ಹಸಿವು ಅಷ್ಟು ಬೇಗ ಏರುವುದಿಲ್ಲ, ಅದು ತುದಿ ಮುಟ್ಟುವುದು ಹತ್ತು-ಹನ್ನೆರಡು ವಾರಕ್ಕೆ. ನಡುವಿನ ವಾರಗಳಲ್ಲಿ ಬರುವುದಕ್ಕಿಂತ ಹೋಗುವುದು ಜಾಸ್ತಿ. ಆಗ ಆಕಳು ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಮನೆಯ ಜಂತಿ ಕಿತ್ತು ಒಲೆ ಉರಿಸಿದ ಹಾಗೆ. ಹೊರಗೆ ನೋಡುವವರಿಗೆ ಕ್ಯಾನು ತುಂಬಿದ್ದು ಕಾಣುತ್ತದೆ. ಸೊಂಟದ ಎಲುಬು ಎದ್ದದ್ದು ನಿಧಾನಕ್ಕೆ ಕಾಣುತ್ತದೆ.

ಕರಗಿದ ಕೊಬ್ಬಿನಾಮ್ಲಗಳು ರಕ್ತದಲ್ಲಿ ಏರುತ್ತವೆ. ರಕ್ತದಿಂದ ಗುಳ್ಳೆಯ ನೀರಿಗೆ ಇಳಿಯುತ್ತವೆ. ಗ್ಲೂಕೋಸ್ ಮಾತ್ರ ಕಡಿಮೆ. ಅಂದರೆ ಖಾನಾವಳಿಗೆ ಜೋಳ ಬರುತ್ತಿಲ್ಲ, ಎಣ್ಣೆಯ ಡಬ್ಬಿ ಮಾತ್ರ ಬರುತ್ತಿದೆ. ಬೆಲ್ಜಿಯಂನ ಸಂಶೋಧಕರು 2005ರಲ್ಲಿ ಇದನ್ನೇ ಲ್ಯಾಬಿನಲ್ಲಿ ಮಾಡಿ ನೋಡಿದರು. ಈದ ಆಕಳ ಗುಳ್ಳೆಯಲ್ಲಿ ಇರುವಷ್ಟೇ ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲ ಬೆರೆಸಿದ ದ್ರವದಲ್ಲಿ ಆಕಳ ಅಂಡಾಣುಗಳನ್ನು ಬಲಿಯಲು ಬಿಟ್ಟರು. ಮುಂದೆ ಭ್ರೂಣವಾದವು ಕಡಿಮೆ. ಎಳ್ಳಿನ ಕೋಶಗಳು ಕೈಲಾದಷ್ಟು ಅಡ್ಡ ನಿಲ್ಲುತ್ತವೆ. ಕೊಬ್ಬನ್ನು ತಾವೇ ನುಂಗಿ, ಸ್ಟಿಯರಿಕ್ ಆಮ್ಲವನ್ನು ಕಡಿಮೆ ಅಪಾಯದ ಓಲಿಯಿಕ್ ಆಮ್ಲವಾಗಿ ಬದಲಿಸುತ್ತವೆ. ಆದರೆ ಅದಕ್ಕೂ ಒಂದು ಮಿತಿ ಇದೆ.

"ಆದರ ಇಂಜೆಕ್ಷನ್ ಮಾಡ್ಸಿದ್ದು ಈದು ಎರಡು ತಿಂಗಳ ಮ್ಯಾಲಲ್ಲ?" ಕಾಕಾ ಕೇಳಿದರು. ಸರಿಯಾದ ಪ್ರಶ್ನೆ. ಈ ವಿಷಯದ ಗಂಟು ಇರುವುದೂ ಅಲ್ಲೇ.

ಬೆದೆಯ ದಿನ ಹೊರಬರುವ ಅಂಡಾಣು ಬೆಳೆಯಲು ಶುರು ಮಾಡಿದ್ದು ಆ ವಾರವಲ್ಲ. ಗುಳ್ಳೆ ಸಣ್ಣ ಚುಕ್ಕೆಯಿಂದ ಒಡೆಯುವ ಗಾತ್ರಕ್ಕೆ ಬರಲು ತಿಂಗಳುಗಳು ಬೇಕು. 1992ರಲ್ಲಿ ಜ್ಯಾಕ್ ಬ್ರಿಟ್ ಎಂಬ ಪಶುವಿಜ್ಞಾನಿ ಇದನ್ನು ಮುಂದಿಟ್ಟರು. ಈದ ಹೊಸತರಲ್ಲಿ, ಕೊಬ್ಬು ಕರಗುತ್ತಿದ್ದ ವಾರಗಳಲ್ಲಿ ಬೆಳೆಯುತ್ತಿದ್ದ ಗುಳ್ಳೆಗಳೇ ಎರಡು-ಎರಡೂವರೆ ತಿಂಗಳ ನಂತರ ಒಡೆಯುತ್ತವೆ. ಅಷ್ಟರಲ್ಲಿ ಆಕಳು ಚೇತರಿಸಿರಬಹುದು, ಬೆದೆಯೂ ಸರಿಯಾಗಿ ಬರಬಹುದು. ಆದರೆ ಒಳಗಿನ ಅಂಡಾಣು ಕಟ್ಟಿಕೊಂಡ ಬುತ್ತಿ ಬರಗಾಲದ ದಿನದ್ದು. ಹಾಲು ಜಾಸ್ತಿ ಕೊಡುವ ಆಕಳು ಗಬ್ಬ ನಿಲ್ಲದಿರಲು ಇದೊಂದೇ ಕಾರಣವಲ್ಲ. ಗರ್ಭಚೀಲದ ಸೋಂಕು, ಬೆದೆಯ ಹೊತ್ತು ತಪ್ಪುವುದು, ಖನಿಜದ ಕೊರತೆ ಎಲ್ಲ ಇವೆ. ಆದರೆ "ಎಲ್ಲಾ ಸರಿ ಐತಿ, ಆದ್ರೂ ನಿಲ್ಲವಲ್ದು" ಅನ್ನುವ ಕೊಟ್ಟಿಗೆಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಬಿಸಿಲಿನದೂ ಇದೇ ಥರದ ಸಾಲ. ಏಪ್ರಿಲ್-ಮೇನಲ್ಲಿ ಗದಗಿನ ಬಿಸಿಲು ಗೊತ್ತಲ್ಲ. ಆಕಳ ಅಂಡಾಣುವನ್ನು ಲ್ಯಾಬಿನಲ್ಲಿ 38.5 ಡಿಗ್ರಿಯ ಬದಲು 41 ಡಿಗ್ರಿಯಲ್ಲಿ ಅರ್ಧ ದಿನ ಬಲಿಸಿದರೆ ಮುಂದೆ ಭ್ರೂಣವಾಗುವುದು ಇಳಿಯುತ್ತದೆ. ಕೊಟ್ಟಿಗೆಯಲ್ಲಿಯೂ ಬೇಸಿಗೆ ಮುಗಿದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಸುಟ್ಟ ಗುಳ್ಳೆಗಳು ಸರದಿಯಲ್ಲಿ ಮುಗಿಯಲು ಎರಡು-ಮೂರು ಬೆದೆ ಬೇಕು. ಪೇಢೆಗೆ ಹಾಲು ಕೊಡುವ ನಮ್ಮ ಧಾರವಾಡಿ ಎಮ್ಮೆ ಹಾಲಿನಲ್ಲಿ ಎಚ್.ಎಫ್. ಆಕಳಿನಷ್ಟು ಹಿಂಡಿಸಿಕೊಳ್ಳುವುದಿಲ್ಲ. ಹಾಗಾಗಿ ಜಂತಿ ಕೀಳುವ ತಾಪತ್ರಯ ಅದಕ್ಕೆ ಕಡಿಮೆ. ಎಮ್ಮೆಯ ತೊಂದರೆ ಬೇರೆ. ಬೇಸಿಗೆಯಲ್ಲಿ ಅದು ಬೆದೆಗೆ ಬಂದದ್ದೇ ತಿಳಿಯುವುದಿಲ್ಲ. ಅಂದಹಾಗೆ ಜಗತ್ತಿನ ಮೊದಲ ಐ.ವಿ.ಎಫ್. ಎಮ್ಮೆ ಕರು ಹುಟ್ಟಿದ್ದು ನಮ್ಮ ದೇಶದಲ್ಲೇ, 1990ರಲ್ಲಿ, ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ. ಹೆಸರು ಪ್ರಥಮ್.

ಚಿಗವ್ವ ಚಹಾ ತಂದಿಟ್ಟು, "ಹೆಣ್ಣಮಕ್ಕಳದೂ ಹಿಂಗ ಏನು?" ಅಂದರು. ಅರ್ಧ ಹೌದು, ಅರ್ಧ ಅಲ್ಲ. ಅಡುಗೆ ಅದೇ, ಬುತ್ತಿ ಅದೇ. ವಿಪರೀತ ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಲ್ಲೂ, ಸಕ್ಕರೆ ಕಾಯಿಲೆಯ ಇಲಿಗಳಲ್ಲೂ ಅಂಡಾಣುವಿನ ಮೈಟೊಕಾಂಡ್ರಿಯಾ ಹಾಳಾಗಿ ಕದಿರು ಸೊಟ್ಟಗಾದದ್ದು ಕಂಡಿದೆ. ಹಾಗಾಗಿ ಮಗು ಬೇಕೆನ್ನುವವರಿಗೆ ಮೊದಲು ಸಕ್ಕರೆ, ತೂಕ ನೋಡಿಕೊಳ್ಳಿ ಎಂದು ಡಾಕ್ಟರು ಹೇಳುವುದಕ್ಕೆ ಅರ್ಥವಿದೆ. ಆದರೆ ವಯಸ್ಸಿನ ವಿಷಯ ಬಂದಾಗ ದೊಡ್ಡ ಕಾರಣ ಬೇರೆ. ವರ್ಣತಂತುಗಳ ಜೋಡಿಯನ್ನು ಕಟ್ಟಿಡುವ ದಾರ, ಕೊಹೆಸಿನ್ ಎಂಬ ಪ್ರೋಟೀನು, ಕಟ್ಟಿದ್ದು ಹುಟ್ಟುವ ಮೊದಲು. ವರ್ಷಗಳಲ್ಲಿ ಅದು ಸವೆಯುತ್ತದೆ. ಸವೆದ ದಾರಕ್ಕೆ ಶಕ್ತಿಯ ಕೊರತೆಯೂ ಸೇರಿದರೆ ಕೆಲಸ ಇನ್ನೂ ಕೆಡುತ್ತದೆ. ಆದರೆ ಶಕ್ತಿ ಕೊಟ್ಟ ಮಾತ್ರಕ್ಕೆ ದಾರ ಹೊಸದಾಗುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕೊಎನ್‌ಜೈಮ್ ಕ್ಯೂ-10 ಮಾತ್ರೆಯ ಮಾತೂ ಬಂತು. 2015ರಲ್ಲಿ ವಯಸ್ಸಾದ ಇಲಿಗಳಲ್ಲಿ ಅದು ಅಂಡಾಣುವಿನ ಸ್ಥಿತಿ ಸುಧಾರಿಸಿತು, ನಿಜ. ಹೆಂಗಸರಲ್ಲಿ ಅಷ್ಟು ಗಟ್ಟಿ ಪುರಾವೆ ಬಂದಿಲ್ಲ. ಬ್ರಿಟನ್ನಿನಲ್ಲಿ ಬೇರೊಬ್ಬ ಹೆಂಗಸಿನ ಅಂಡಾಣುವಿನ ಮೈಟೊಕಾಂಡ್ರಿಯಾ ಬಳಸಲು 2015ರಲ್ಲಿ ಕಾನೂನು ಮಾಡಿದರು, 2025ರಲ್ಲಿ ಹಾಗೆ ಹುಟ್ಟಿದ ಎಂಟು ಮಕ್ಕಳ ವರದಿ ಬಂತು. ಅದು ಮೈಟೊಕಾಂಡ್ರಿಯಾದ ಆನುವಂಶಿಕ ಕಾಯಿಲೆ ಇರುವ ಮನೆತನಗಳಿಗೆ. ಬಂಜೆತನದ ಮದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು ಮಾತನ್ನು ಚಿಗವ್ವನೇ ಸೇರಿಸಿದರು: "ಹೋರಿ ಬೀಜಾ ಮೊದಲ ನೋಡ್ತಾರ, ಮನಶ್ಯಾರಾಗ ಮಾತ್ರ ಹೆಂಗಸ್ರನ್ನ ಮೊದಲ ನೋಡ್ತಾರ." ನಾವಿಬ್ಬರೂ ಚಹಾ ಕುಡಿದೆವು.

ಗೌರಿಗೆ ಡಾಕ್ಟ್ರು ಹೇಳಿದ್ದು ಹೆಚ್ಚೇನಿಲ್ಲ. ಖನಿಜ ಮಿಶ್ರಣ, ಹಿಂಡಿ ಸ್ವಲ್ಪ ಸ್ವಲ್ಪವೇ ಏರಿಸುವುದು, ಒಮ್ಮೆಲೇ ಸುರಿಯದಿರುವುದು. ಈಗ ಮೈ ಮತ್ತೆ ತುಂಬಿಕೊಳ್ಳುತ್ತಿರುವುದರಿಂದ ಮುಂದಿನ ಬೆದೆಯ ಅಂಡಾಣು ಒಳ್ಳೆಯ ದಿನಗಳಲ್ಲಿ ಬೆಳೆದದ್ದಾಗಿರುತ್ತದೆ. ಮುಂದಿನ ಸಲ ಈಯುವ ಮೊದಲು ಆಕಳನ್ನು ತೀರಾ ದಪ್ಪ ಮಾಡಬೇಡಿ ಅಂದರು. ಮೈಕಟ್ಟನ್ನು ಒಂದರಿಂದ ಐದರವರೆಗೆ ಅಳೆಯುತ್ತಾರೆ. ಮೂರು, ಮೂರೂವರೆ ಇದ್ದರೆ ಸಾಕು. ದಪ್ಪಗಿದ್ದ ಆಕಳು ಈದ ಮೇಲೆ ಇನ್ನೂ ಕಡಿಮೆ ತಿನ್ನುತ್ತದೆ, ಇನ್ನೂ ಜಾಸ್ತಿ ಕರಗುತ್ತದೆ. ಈದ ಮೇಲೆ ಒಂದು ಅಂಕಕ್ಕಿಂತ ಹೆಚ್ಚು ಇಳಿಯಬಾರದು.

ಕಾಕಾ ಎದ್ದು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡರು. ಮೊದಲ ಇಂಜೆಕ್ಷನ್ನಿನ ದಿನಕ್ಕೆ ಗೋಲ ಹಾಕಿತ್ತು. ಅಲ್ಲಿಂದ ಬೆರಳಿಟ್ಟು ಹಿಂದಕ್ಕೆ ಎಣಿಸುತ್ತಾ ಎರಡು ಹಾಳೆ ತಿರುವಿದರು. ಬೆರಳು ನಿಂತದ್ದು ಗೌರಿ ಈದ ಮರುವಾರದ ಮೇಲೆ.

"ಇದ ವಾರ" ಅಂದರು. "ನಾಕು ದಿನ ಹಿಂಡಿ ಮೂಸಿ ನೋಡಿ ಬಿಟ್ಟಿದ್ಳು. ಹಾಲ ಮಾತ್ರ ದಿನಾ ಏರಿತ್ತು. ನಾ ಖುಷಿ ಆಗಿದ್ನಿ."